ಬಿಸಿಲಿನಲ್ಲಿ ಕಾಣದ ಉರಿ

2002ರ ಫೆಬ್ರುವರಿಯ ಒಂದು ರವಿವಾರ ಸಂಜೆ ಐದೂವರೆಯ ಸುಮಾರಿಗೆ, ಗೋಕಾಕದ ಹೋಟೆಲೊಂದರ ಮಾಳಿಗೆಯ ಮೇಲೆ ನಡೆಯುತ್ತಿದ್ದ ಚೈನೀಸ್ ಬಫೆಯಲ್ಲಿ, ಊಟ ಬಡಿಸುವ ಕೆಲಸದವರೊಬ್ಬರ ಬಲಗೈ ಸುಟ್ಟಿತು. ಪಾತ್ರೆಯ ಕೆಳಗಿನ ಸ್ಪಿರಿಟ್ ದೀಪ ಆರಿದೆ ಎಂದು ತಿಳಿದು ಅವರು ಅದಕ್ಕೆ ಮತ್ತೆ ಸ್ಪಿರಿಟ್ ಸುರಿದಿದ್ದರು. ದೀಪ ಆರಿರಲಿಲ್ಲ. ಆ ಹೊತ್ತಿನಲ್ಲಿ ನಾನು ಅವರಿಂದ ಆರೇಳು ಹೆಜ್ಜೆ ದೂರದ ಮೇಜಿನಲ್ಲಿ ಸೂಪು ಕುಡಿಯುತ್ತಿದ್ದೆ.

ಆ ಹೋಟೆಲು ಮೊದಲು ಖಾನಾವಳಿಯಾಗಿತ್ತು. ತೊಂಬತ್ತರ ದಶಕದ ಬಹುಪಾಲು ನನ್ನ ಮಧ್ಯಾಹ್ನದ ಊಟ ಅಲ್ಲೇ. ಪತ್ರಿಕೆಯ ಕೆಲಸಕ್ಕೆ ಬೆಳಿಗ್ಗೆ ತಹಶೀಲ್ದಾರ ಕಚೇರಿ, ಪೊಲೀಸ್ ಠಾಣೆ ಸುತ್ತಿ, ಸುದ್ದಿಯ ಲಕೋಟೆಯನ್ನು ಬೆಳಗಾವಿ ಬಸ್ಸಿಗೆ ಕೊಟ್ಟು ಬರುವ ದಾರಿಯಲ್ಲಿ ಅದು ಸಿಗುತ್ತಿತ್ತು. ಬಡಿಸುವವರು ಮೂಡಲಗಿ ಕಡೆಯವರು, ಆಗಲೇ ಐವತ್ತರ ಹತ್ತಿರ. ಊರೆಲ್ಲ ಅವರನ್ನು ಕಾಕಾ ಎನ್ನುತ್ತಿತ್ತು. ಹಂಚಿನಿಂದ ಆಗಷ್ಟೇ ಇಳಿದ ಜೋಳದ ರೊಟ್ಟಿಯನ್ನು ಬರಿಗೈಯಲ್ಲಿ ಹಿಡಿದು, ಎರಡು ಮಡಿಕೆ ಮಾಡಿ, ತಾಟಿನ ಅಂಚಿಗೆ ಇಡುತ್ತಿದ್ದರು. ಸಾಕು ಎಂದರೆ ಕೇಳುತ್ತಿರಲಿಲ್ಲ.

‘ಬಾಯಿಲೆ ಸಾಕಂದ್ರ ನಡಿಯೂದಿಲ್ರಿ. ತಾಟಿನ ಮ್ಯಾಲೆ ಅಡ್ಡ ಮಲಗಬೇಕು, ಅಂದ್ರ ಬಿಡ್ತೇನಿ.’

ಪಂಗ್ತಿಯಲ್ಲಿ ಯಾರ ತಾಟಿನಲ್ಲಿ ಪಲ್ಯ ಮುಗಿದಿದೆ, ಯಾರಿಗೆ ಮೊಸರು ಬೇಕು ಎಂಬುದು ಕೇಳದೆಯೇ ಅವರಿಗೆ ತಿಳಿಯುತ್ತಿತ್ತು. ಜನ ಅಡಿಗೆಯವನ ಹೆಸರು ಹೇಳುತ್ತಿರಲಿಲ್ಲ, ಕಾಕಾನ ಕೈ ಊಟ ಎನ್ನುತ್ತಿದ್ದರು.

2001ರಲ್ಲಿ ಖಾನಾವಳಿಯ ಸಾವಕಾರರು ಪುಣೆಯಲ್ಲಿ ಒಂದು ಮದುವೆಗೆ ಹೋಗಿ ಬಂದರು. ಅಲ್ಲಿ ಬಫೆ ನೋಡಿದ್ದರು. ದೀಪಾವಳಿಯ ಹೊತ್ತಿಗೆ ಖಾನಾವಳಿಗೆ ಬಣ್ಣ ಬಂತು, ಉದ್ದನೆಯ ಹಲಗೆಗಳು ಹೋದವು, ಮಾಳಿಗೆಯ ಮೇಲೆ ಸ್ಟೀಲಿನ ಕುರ್ಚಿಗಳು ಬಂದವು. ಪ್ರತಿ ರವಿವಾರ ಸಂಜೆ ಚೈನೀಸ್ ಬಫೆ ಎಂದು ಬಟ್ಟೆಯ ಬೋರ್ಡು ಕಟ್ಟಿದರು. ಕೊಲ್ಹಾಪುರದಿಂದ ಒಬ್ಬ ಅಡಿಗೆಯವನನ್ನು ಕರೆತಂದರು. ಸ್ವೀಟ್ ಕಾರ್ನ್ ಸೂಪು, ನೂಡಲ್ಸ್, ಫ್ರೈಡ್ ರೈಸ್, ಗೋಬಿ ಮಂಚೂರಿ. ಐಸ್‌ಕ್ರೀಮು ಬಿಸಿಲಿಗೆ ನಿಲ್ಲದೆ ಕೊನೆಗೆ ಸಣ್ಣಗೆ ಕತ್ತರಿಸಿದ ಕರದಂಟು.

ಕುಲಗೋಡದಿಂದ, ಮೇಲವಂಕಿಯಿಂದ ಜನ ಬಸ್ಸು ಹಿಡಿದು ಬರತೊಡಗಿದರು. ಮೊದಲ ರವಿವಾರ ಕುಲಗೋಡದ ರೈತನೊಬ್ಬ ಪ್ಲೇಟು ಹಿಡಿದು ಹತ್ತು ನಿಮಿಷ ಕುರ್ಚಿಯಲ್ಲೇ ಕುಳಿತಿದ್ದ, ಯಾರಾದರೂ ಬಂದು ಬಡಿಸುತ್ತಾರೆ ಎಂದು. ಎದ್ದು ಹಾಕಿಕೊಳ್ಳಬೇಕು ಎಂದು ತಿಳಿದಾಗ ಹೆಂಡತಿಗೆ ಹೇಳಿದ: ‘ನಾವ ಹಾಕ್ಕೊಂಡ ನಾವ ತಿನ್ನೂದಾದ್ರ ಮನ್ಯಾಗ ಏನ ಕಡಿಮಿ ಆಗಿತ್ತು?’

‘ಮನ್ಯಾಗ ಮುಸರಿ ತಿಕ್ಕವ್ರ ಯಾರು?’ ಎಂದಳು ಅವಳು, ಎರಡನೆಯ ಸಲ ನೂಡಲ್ಸ್ ಹಾಕಿಕೊಳ್ಳುತ್ತ.

ಬಫೆಯಲ್ಲಿ ಬಡಿಸುವವರಿಗೆ ಕೆಲಸವಿರಲಿಲ್ಲ. ಸಾವಕಾರರು ಕಾಕಾನನ್ನು ತೆಗೆಯಲಿಲ್ಲ; ಪಾತ್ರೆಗಳ ಕೆಳಗಿನ ದೀಪ ನೋಡಿಕೊಳ್ಳಲು ಹಾಕಿದರು. ಮುಚ್ಚಳದ ದೊಡ್ಡ ಸ್ಟೀಲ್ ಪಾತ್ರೆ, ಅದರ ಕೆಳಗೆ ಬಿಸಿನೀರಿನ ತಟ್ಟೆ, ಅದರ ಕೆಳಗೆ ಎರಡು ಚಿಕ್ಕ ಬಟ್ಟಲುಗಳಲ್ಲಿ ಉರಿ. ಆರಂಭದಲ್ಲಿ ಬೆಳಗಾವಿಯಿಂದ ಗಟ್ಟಿ ಇಂಧನದ ಡಬ್ಬಿಗಳು ಬರುತ್ತಿದ್ದವು. ಅವು ಬರುವುದು ತಡವಾದಾಗ ಖಾಲಿ ಬಟ್ಟಲಿಗೆ ಅರಳೆ ತುಂಬಿ ಅಂಗಡಿಯ ಸ್ಪಿರಿಟ್ ಸುರಿಯುವುದು ಶುರುವಾಯಿತು. ಆಮೇಲೆ ಅದೇ ಪದ್ಧತಿಯಾಯಿತು. ದೀಪ ಆರಿ ಊಟ ತಣ್ಣಗಾದರೆ ಕಾಕಾ ಮೂಡಲಗಿ ಬಸ್ಸು ಹತ್ತಬೇಕಾಗುತ್ತದೆ ಎಂದು ಸಾವಕಾರರು ಎಲ್ಲರೆದುರಿಗೆ ಹೇಳಿದ್ದರು.

ಬಫೆ ಐದಕ್ಕೆ ಶುರುವಾಗಲು ಕಾರಣ ಜೈನ ಮನೆತನಗಳು. ನಾಗನೂರ ಕಡೆಯ ರೈತರು, ಪೇಟೆಯ ವ್ಯಾಪಾರಿಗಳು ಹೊತ್ತು ಮುಳುಗುವುದರೊಳಗೆ ಊಟ ಮುಗಿಸುವವರು. ಅವರಿಗಾಗಿ ಪಶ್ಚಿಮದ ಗೋಡೆಯ ಪಕ್ಕ ಬೇರೆ ಮೇಜು, ಉಳ್ಳಾಗಡ್ಡಿ ಬಳ್ಳೊಳ್ಳಿ ಇಲ್ಲದ ನಾಲ್ಕು ಪಾತ್ರೆ. ಐದರಿಂದ ಹೊತ್ತು ಮುಳುಗುವ ತನಕ ಇಳಿಬಿಸಿಲು ನೇರ ಆ ಮೇಜಿನ ಮೇಲೆ ಬೀಳುತ್ತಿತ್ತು.

ಸ್ಪಿರಿಟ್ಟಿನ ಉರಿ ಬಿಸಿಲಿನಲ್ಲಿ ಕಾಣುವುದಿಲ್ಲ. ಕತ್ತಲೆಯಲ್ಲಿ ನೀಲಿಯಾಗಿ ಕಾಣುವ ಅದೇ ಉರಿ ಆ ಮೇಜಿನ ಕೆಳಗೆ ಇದ್ದೂ ಇಲ್ಲದಂತೆ ಇರುತ್ತಿತ್ತು. ಇದನ್ನು ಮೊದಲು ಹೇಳಿದವನು ಕೊಲ್ಹಾಪುರದ ಅಡಿಗೆಯವ. ‘ಕಾಕಾ, ಕಣ್ಣಿಗಿ ನಂಬಬ್ಯಾಡ್ರಿ. ಕಾಗದ ಹಿಡೀರಿ, ಹತ್ತಿದ್ರ ಉರಿ ಐತಿ, ಹತ್ತದಿದ್ರ ಇಲ್ಲ,’ ಎಂದ. ಕಾಕಾ ಹಳೆಯ ಪತ್ರಿಕೆಯನ್ನು ಬೆರಳಗಲ ಹರಿದು ಅಂಗಿಯ ಕಿಸೆಯಲ್ಲಿ ಇಟ್ಟುಕೊಳ್ಳತೊಡಗಿದರು. ಒಂದೊಂದು ಬಟ್ಟಲಿಗೂ ಒಂದೊಂದು ಚೂರು.

ಡಿಸೆಂಬರಿನಲ್ಲಿ ಪತ್ರಿಕೆಯ ರವಿವಾರದ ಪುಟಕ್ಕೆ ಗೋಕಾಕದ ಹೊಸ ಬಫೆಯ ಬಗ್ಗೆ ಬರೆಯಲು ಹೇಳಿದರು. ಬರೆದೆ. ನಾಗನೂರಿನ ಒಬ್ಬ ಆಯಿಯ ಮಾತನ್ನು ಅದರಲ್ಲಿ ಹಾಕಿದ್ದೆ. ಮಗ, ಸೊಸೆ, ಇಬ್ಬರು ಮೊಮ್ಮಕ್ಕಳ ಜೊತೆ ಪ್ರತಿ ವಾರ ಬರುತ್ತಿದ್ದ ಎಪ್ಪತ್ತರ ಹೆಂಗಸು. ಪ್ಲೇಟು ಹಿಡಿದು ನಿಲ್ಲಲು ಅವರು ಒಪ್ಪುತ್ತಿರಲಿಲ್ಲ.

‘ತಮ್ಮಾ, ನಾ ಏನ ಸಾಲಿ ಹುಡುಗೀನ, ಪಾಳಿ ಹಚ್ಚಾಕ? ನೀನ ಬಡಸ.’

ಕಾಕಾ ಅವರಿಗೆ ಮಾತ್ರ ಬಡಿಸುತ್ತಿದ್ದರು. ಆಯಿ ಪ್ರತಿ ಪಾತ್ರೆಗೂ ಕೇಳುತ್ತಿದ್ದರು.

‘ಇದರಾಗ ಉಳ್ಳಾಗಡ್ಡಿ?’

‘ಇಲ್ರಿ ಆಯಿ.’

‘ಬಳ್ಳೊಳ್ಳಿ?’

‘ಇಲ್ರಿ.’

‘ಗಜ್ಜರಿ, ಬಟಾಟಿ?’

‘ಏನೂ ಇಲ್ರಿ.’

‘ಮತ್ತ ಏನೈತಿ ಇದರಾಗ?’

‘ಹೆಸರೊಂದ ಐತ್ರಿ ಆಯಿ. ಅದರ ಮ್ಯಾಲೆ ನಡಸಾಕತ್ತೇವಿ.’

ಲೇಖನದ ಕೊನೆಯಲ್ಲಿ ಒಂದು ಸಾಲು ಇತ್ತು: ಸೂಪು ರುಚಿಯಾಗಿದೆ, ಅದರಲ್ಲಿ ಕಾಗದದ ಬೂದಿ ತೇಲದಿದ್ದರೆ ಇನ್ನೂ ರುಚಿಯಾಗಿರುತ್ತಿತ್ತು. ಅದು ನಿಜವಾಗಿತ್ತು. ಅಂದು ಗಾಳಿಗೆ ಸುಟ್ಟ ಕಾಗದದ ಚೂರು ಹಾರಿ ನನ್ನ ಬಟ್ಟಲಿಗೆ ಬಿದ್ದಿತ್ತು. ಕಾಗದವನ್ನು ಯಾರು, ಯಾಕೆ ಸುಡುತ್ತಿದ್ದರು ಎಂಬುದನ್ನು ನಾನು ಬರೆದಿರಲಿಲ್ಲ. ನನಗೆ ಅದು ಗೊತ್ತಿತ್ತು.

ಮುಂದಿನ ವಾರ ಹೋದಾಗ ಲೇಖನದ ತುಣುಕು ಹಣ ಕೊಡುವ ಗಲ್ಲೆಯ ಗಾಜಿನ ಕೆಳಗೆ ಇತ್ತು. ಕೊನೆಯ ಸಾಲಿನ ಕೆಳಗೆ ಕೆಂಪು ಗೆರೆ ಎಳೆದಿದ್ದರು. ಸಾವಕಾರರು ಎದ್ದು ಕೈ ಮುಗಿದು, ‘ಇನ್ನ ಬೂದಿ ಕಾಣೂದಿಲ್ರಿ, ನೋಡ್ರಿ ಬೇಕಾದ್ರ,’ ಎಂದರು. ಮಾಳಿಗೆಯ ಮೇಲೆ ಕಾಕಾ ಬಟ್ಟಲುಗಳ ಮೇಲೆ ಅಂಗೈ ಹಿಡಿದು ನೋಡುತ್ತಿದ್ದರು. ಮುಂಗೈಯ ಕೂದಲು ಸುಟ್ಟು ಮಣಿಕಟ್ಟಿನವರೆಗೆ ನುಣುಪಾಗಿತ್ತು.

‘ಕಾಗದ ಎಲ್ಲಿ ಕಾಕಾ?’ ಎಂದೆ.

‘ಬಂದ್ ಆತ್ರಿ. ಪೇಪರಿನ್ಯಾಗ ಬಂದೇತಲ್ರಿ ಬೂದಿ ಬೀಳತೈತಿ ಅಂತ.’ ಅವರ ದನಿಯಲ್ಲಿ ಸಿಟ್ಟು ಇರಲಿಲ್ಲ. ‘ಈ ಕೈ ಇಪ್ಪತ್ತ ವರ್ಷ ಬಿಸಿ ರೊಟ್ಟಿ ಹಿಡದೇತಿ. ಇದಕ್ಕ ಉರಿ ಗೊತ್ತಾಗೂದಿಲ್ಲೇನ್ರಿ?’

ಅಡಿಗೆಯವ ಮೆಟ್ಟಿಲ ಬಳಿ ನಿಂತು ಕೇಳಿಸಿಕೊಳ್ಳುತ್ತಿದ್ದ. ‘ಕೈಗಿ ಬಿಸಿ ರೂಢಿ ಆಗೇತಿ, ಅದ ಅಂಜಿಕಿ,’ ಎಂದು ಕೆಳಗಿಳಿದು ಹೋದ.

ಜನವರಿಯಲ್ಲಿ ನಾನು ಎರಡು ರವಿವಾರ ಹೋದೆ. ಮೊದಲನೆಯ ಸಲ ಏನೂ ಆಗಲಿಲ್ಲ. ಎರಡನೆಯ ಸಲ ಕಾಕಾನ ಬಲಗೈಯ ಮೂರು ಬೆರಳುಗಳಿಗೆ ಬಟ್ಟೆ ಸುತ್ತಿತ್ತು.

‘ಏನಾತು?’

‘ಉರಿ ಅದೀಯೋ ಇಲ್ಲೋ ಅಂತ ಕೇಳಿದ್ನಿ. ಅದೇನಿ ಅಂತು.’

ಪಕ್ಕದ ಮೇಜಿನವರು ನಕ್ಕರು. ನಾನೂ ನಕ್ಕೆ. ಬೂದಿಯ ಸಾಲಿನ ಬಗ್ಗೆ ಸಾವಕಾರರ ಜೊತೆ ಮಾತಾಡಬೇಕು ಎಂದು ಅಂದು ನನ್ನ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆ. ಕೆಳಗೆ ಬಂದಾಗ ಗಲ್ಲೆಯಲ್ಲಿ ಅವರ ಮಗ ಕುಳಿತಿದ್ದ. ಅವನಿಗೆ ನಮಸ್ಕಾರ ಹೇಳಿ ಹೋದೆ. ಆಮೇಲೆ ಕೆಲವು ವಾರ ಹೋಗಲಿಲ್ಲ.

ಫೆಬ್ರುವರಿಯ ಆ ರವಿವಾರ ನಾನು ಐದಕ್ಕೆ ಹತ್ತು ನಿಮಿಷ ಇರುವಾಗ ಬಂದೆ. ಸಾವಕಾರರು ಗಲ್ಲೆಯಲ್ಲಿ ಇರಲಿಲ್ಲ, ಆರಕ್ಕೆ ಬರುತ್ತಾರೆ ಎಂದರು. ಮೇಲೆ ಹೋಗಿ ಕುಳಿತೆ. ಬಿಸಿಲು ಎಂದಿನ ಜಾಗದಲ್ಲಿ ಇತ್ತು. ನಾಗನೂರಿನ ಆಯಿ ಮತ್ತು ಅವರ ಮನೆಯವರು ಗೋಡೆಯ ಪಕ್ಕದ ಮೇಜಿಗೆ ಬಂದರು. ಕಾಕಾನ ಬಲಗೈ ಬೆರಳುಗಳಿಗೆ ಇನ್ನೂ ಬಟ್ಟೆ ಸುತ್ತಿತ್ತು, ಈ ಸಲ ದಪ್ಪಗೆ, ಅಂಗೈಯನ್ನೂ ಮುಚ್ಚಿ. ಎಡಗೈಯಲ್ಲಿ ಹಿಡಿದ ಸೌಟು ನೋಡಿ ಆಯಿ ಪ್ಲೇಟು ಹಿಂದಕ್ಕೆ ಎಳೆದುಕೊಂಡರು.

‘ಆ ಕೈಲೆ ಬ್ಯಾಡ ತಮ್ಮಾ. ನಿನ್ನ ಕೈ ವಾಸಿ ಆಗೂತನಕ ನಾನ ಹಾಕ್ಕೋತೇನಿ.’

ಕಾಕಾ ಸೌಟು ಬಲಗೈಗೆ ಬದಲಿಸಿ ಬಡಿಸಿದರು. ಆಯಿ ನೂಡಲ್ಸ್ ತಣ್ಣಗಿದೆ ಎಂದರು. ಕಾಕಾ ಬಾಗಿ ಪಾತ್ರೆಯ ಕೆಳಗೆ ನೋಡಿದರು. ಬಟ್ಟೆ ಸುತ್ತಿದ ಅಂಗೈಯನ್ನು ಬಟ್ಟಲಿನ ಮೇಲೆ ಹಿಡಿದರು. ನಾನು ನೋಡುತ್ತಿದ್ದೆ, ಎಂದಿಗಿಂತ ಹೆಚ್ಚು ಹೊತ್ತು ಹಿಡಿದಿದ್ದರು. ಆಮೇಲೆ ಸ್ಪಿರಿಟ್ ಡಬ್ಬಿ ಎತ್ತಿಕೊಂಡರು.

ಉರಿ ಬಟ್ಟಲಿನಿಂದ ಡಬ್ಬಿಗೆ ಬಂತು. ಬಂದದ್ದು ಯಾರಿಗೂ ಕಾಣಲಿಲ್ಲ. ಕೈಗೆ ಸುತ್ತಿದ್ದ ಬಟ್ಟೆ ಕಪ್ಪಾಗುತ್ತ ಹೋದದ್ದು ಮಾತ್ರ ಕಂಡಿತು. ಎದುರಿಗೆ ಆಯಿಯ ಮನೆಯ ಐದು ಜನ ಇದ್ದರು, ಎಡಕ್ಕೆ ಸಾಲು ನಿಂತ ಜನ. ಕಾಕಾ ಡಬ್ಬಿ ಎಸೆಯಲಿಲ್ಲ. ಬಲಗೈಯಲ್ಲಿ ಅದನ್ನು ಹಿಡಿದುಕೊಂಡೇ ಮಾಳಿಗೆಯ ಖಾಲಿ ಮೂಲೆಗೆ ನಡೆದು ನೆಲದ ಮೇಲೆ ಇಟ್ಟರು. ನಾಲ್ಕೈದು ಹೆಜ್ಜೆ. ಇಟ್ಟ ಮೇಲೆ ಕೂಗಿದರು. ಅಡಿಗೆಯವ ಓಡಿಬಂದು ಒದ್ದೆ ಗೋಣಿಚೀಲ ಹಾಕಿದ. ಬೇರೆ ಯಾರಿಗೂ ಏನೂ ಆಗಲಿಲ್ಲ.

ಟೆಂಪೋದಲ್ಲಿ ಅವರನ್ನು ಡಾಕ್ಟರ ಬಳಿ ಒಯ್ದರು, ಮರುದಿನ ಬೆಳಗಾವಿಗೆ. ನಾನು ಕಳಿಸಿದ ಸುದ್ದಿ ನಾಲ್ಕು ಸಾಲಿನದು. ದೀಪಕ್ಕೆ ಸ್ಪಿರಿಟ್ ತುಂಬುವಾಗ ಹೋಟೆಲ್ ಕಾರ್ಮಿಕರ ಕೈ ಸುಟ್ಟಿದೆ, ಚಿಕಿತ್ಸೆ ನಡೆದಿದೆ ಎಂದು ಇತ್ತು. ಡಿಸೆಂಬರಿನ ಲೇಖನದ ಉಲ್ಲೇಖ ಅದರಲ್ಲಿ ಇರಲಿಲ್ಲ. ಗಲ್ಲೆಯ ಗಾಜಿನ ಕೆಳಗಿನ ತುಣುಕನ್ನು ಯಾರೋ ತೆಗೆದಿದ್ದರು. ಮುಂದಿನ ಸಲ ಹೋದಾಗ ಆ ಜಾಗದಲ್ಲಿ ಕ್ಯಾಲೆಂಡರ್ ಇತ್ತು. ಬಫೆಯನ್ನು ಏಳು ಗಂಟೆಗೆ ಬದಲಿಸಿದರು. ಜೈನ ಮನೆತನಗಳು ಬರುವುದು ನಿಂತಿತು.

ಕಾಕಾನ ಕೈ ವಾಸಿಯಾಯಿತು, ಬೆರಳುಗಳು ಬಿಚ್ಚಲಿಲ್ಲ. ನಾಲ್ಕೂ ಬೆರಳು ಅಂಗೈಯ ಕಡೆಗೆ ಮಡಚಿ ಹಾಗೇ ಉಳಿದವು. 2003ರ ಬೇಸಿಗೆಯಲ್ಲಿ ಮೂಡಲಗಿಗೆ ಒಂದು ಸುದ್ದಿಗೆ ಹೋದವನು ಅಲ್ಲಿನ ಒಂದು ಖಾನಾವಳಿಯಲ್ಲಿ ಅವರನ್ನು ನೋಡಿದೆ. ಬಡಿಸುವ ಕೆಲಸಕ್ಕೆ ಸೇರಿ ಎಂಟು ದಿನ ಆಗಿತ್ತು. ರೊಟ್ಟಿಯ ಬುಟ್ಟಿಯನ್ನು ಬಲ ಮೊಣಕೈಗೆ ಸಿಕ್ಕಿಸಿಕೊಂಡು, ಎಡಗೈಯಲ್ಲಿ ರೊಟ್ಟಿ ಹಿಡಿದು ನನ್ನ ಎದುರಿಗೆ ಕುಳಿತವರ ತಾಟಿನ ಕಡೆ ಬಾಗಿದರು. ಆ ಮನುಷ್ಯ ತಾಟಿನ ಮೇಲೆ ಅಂಗೈ ಅಡ್ಡ ಹಿಡಿದ.

‘ಬುಟ್ಟಿ ಇಲ್ಲೇ ಇಡ್ರಿ ಕಾಕಾ, ನಾ ತಗೋತೇನಿ. ನಿಮಗ್ಯಾಕ ತ್ರಾಸ.’

ಮಾತು ಮೆತ್ತಗೇ ಇತ್ತು. ಕಾಕಾ ಬುಟ್ಟಿ ಇಟ್ಟರು. ಮುಂದಿನವರ ಮುಂದೆಯೂ ಇಟ್ಟರು. ನನ್ನ ಮುಂದೆ ಬಂದಾಗ ನಾನು ಕೈ ಅಡ್ಡ ಹಿಡಿಯಲಿಲ್ಲ. ಅವರು ನನ್ನ ಮುಂದೆಯೂ ಬುಟ್ಟಿಯನ್ನೇ ಇಟ್ಟರು. ತಿಂಗಳ ಮೇಲೆ ಅದೇ ದಾರಿಯಲ್ಲಿ ಹೋದಾಗ ಅವರು ಅಲ್ಲಿ ಇರಲಿಲ್ಲ. ಪಂಗ್ತಿ ಊಟಕ್ಕೆ ಆಗುವುದಿಲ್ಲ ಎಂದು ಅವರೇ ಬಿಟ್ಟರು ಎಂದು ಮಾಲೀಕರು ಹೇಳಿದರು.

2006ರ ಡಿಸೆಂಬರಿನಲ್ಲಿ ಹುಕ್ಕೇರಿಯ ಮಂಗಲ ಕಾರ್ಯಾಲಯವೊಂದರಲ್ಲಿ ಪರಿಚಯದ ಜೈನ ಕುಟುಂಬದ ಮದುವೆ ಇತ್ತು. ಸಂಜೆಯ ಊಟ ಐದಕ್ಕೆ, ಹೊರಗಿನ ಅಂಗಳದಲ್ಲಿ, ಬಫೆ. ಹತ್ತು ಪಾತ್ರೆಗಳ ಉದ್ದನೆಯ ಸಾಲಿನ ಹಿಂದೆ ಕಾಕಾ ನಿಂತಿದ್ದರು. ಕೇಟರಿಂಗ್‌ನವರ ನೀಲಿ ಅಂಗಿ, ಬಲಗೈ ಕಿಸೆಯ ಬಳಿ ಮಡಚಿಕೊಂಡಿತ್ತು. ಮೂರು ವರ್ಷದಿಂದ ಇದೇ ಕೆಲಸ ಎಂದರು. ಬಫೆಯಲ್ಲಿ ಯಾರೂ ಯಾರ ಕೈಯನ್ನೂ ನೋಡುವುದಿಲ್ಲ ಎಂದರು.

ಬಿಸಿಲು ಮೇಜಿನ ಮೇಲೆ ಇತ್ತು. ಅವರು ಸ್ಪಿರಿಟ್ ಡಬ್ಬಿಯನ್ನು ಬಲ ಕಂಕುಳಲ್ಲಿ ಅವುಚಿಕೊಂಡು ಎಡಗೈಯಿಂದ ಮುಚ್ಚಳ ತಿರುಗಿಸಿ ತೆಗೆದು, ಡಬ್ಬಿಯನ್ನು ಹಿಂದಿನ ಕುರ್ಚಿಯ ಮೇಲೆ ಇಟ್ಟರು. ಕಿಸೆಯಿಂದ ಪತ್ರಿಕೆಯ ಬೆರಳಗಲದ ಚೂರೊಂದನ್ನು ಎಳೆದರು.

‘ಪ್ಲೇಟ್ ತಗೋರಿ ಪೇಪರಿನವರ,’ ಎಂದರು. ‘ಬೂದಿ ಬಿದ್ರ ಬರೀಬ್ಯಾಡ್ರಿ.’

ಚೂರನ್ನು ಮೂರನೆಯ ಪಾತ್ರೆಯ ಕೆಳಗೆ ಹಿಡಿದರು. ಅದರ ತುದಿ ಹತ್ತಿ ಕಪ್ಪಾಯಿತು. ಅವರು ಅದನ್ನು ಪಕ್ಕದಲ್ಲಿಟ್ಟಿದ್ದ ಚೊಂಬಿನ ನೀರಿನಲ್ಲಿ ಅದ್ದಿ, ಡಬ್ಬಿಯ ಮುಚ್ಚಳ ಮತ್ತೆ ಹಾಕಿ, ನಾಲ್ಕನೆಯ ಪಾತ್ರೆಗೆ ಹೋದರು.