ಕೊಕ್ಕೆಹುಳು ಯಾರ ಮನೆಯದು?

ಸೀಮಂತದ ಕುಬಸಕ್ಕೆ ಕೂತ ಹುಡುಗಿಯ ಹಸಿರು ಸೀರೆಯನ್ನು ಎಲ್ಲರೂ ಹೊಗಳುತ್ತಿದ್ದರು. ನಾನು ಅವಳ ಕಣ್ಣಿನ ಕೆಳರೆಪ್ಪೆ ಜಗ್ಗಿ ನೋಡಿದೆ. ಒಳಗೆ ಕೆಂಪೇ ಇರಲಿಲ್ಲ.

ರೇಣುಕಾ ನನ್ನ ಅಕ್ಕನ ಮಗಳು. ರಾಣೆಬೆನ್ನೂರಿನ ಹತ್ತಿರದ ಹಳ್ಳಿಗೆ ಕೊಟ್ಟಿದ್ದೇವೆ. ಕಂಪನಿಗೆ ಮೆಣಸಿನಕಾಯಿ ಬೀಜ ಬೆಳೆದುಕೊಡುವ ಪ್ಲಾಟ್ ಮಾಡುವ ಮನೆ. ಏಳು ತಿಂಗಳ ಬಸುರಿ ದಿನಾ ಹೊಲಕ್ಕಿಳಿದು ಕ್ರಾಸಿಂಗ್ ಮಾಡುತ್ತಾಳೆ. (ಒಂದು ಹೂವಿನ ಪರಾಗವನ್ನು ಇನ್ನೊಂದಕ್ಕೆ ಕೈಯಿಂದ ಮುಟ್ಟಿಸುವ ಕೆಲಸ.) ಅದೂ ಬರಿಗಾಲಲ್ಲಿ. ಆ ಮನೆಯವರಿಗೆ ಹೂ ಬಿಟ್ಟ ಹೊಲ ಅಂದರೆ ಬಸುರಿ. ಬಸುರಿಯನ್ನು ಚಪ್ಪಲಿಯಲ್ಲಿ ತುಳಿಯಬಾರದು, ಬದುವಿನಲ್ಲೇ ಬಿಟ್ಟು ಇಳಿಯಬೇಕು.

ಹೊಲಕ್ಕೆ ಇಷ್ಟು ಮರ್ಯಾದೆ. ಅದರಲ್ಲಿ ದುಡಿಯುವ ಬಸುರಿಗೆ?

“ಮೆಟ್ಟಲಾ ಹತ್ತಿದ್ರ ಎದಿ ಹೊಡಕೊಳ್ತೈತಿ ಚಿಗವ್ವ,” ಅಂದಳು ಹುಡುಗಿ, ಮೆಲ್ಲಗೆ.

ಅವಳ ಅತ್ತೆಗೆ ಕೇಳಿಸಿಬಿಟ್ಟಿತು. “ಬರೇ ಸೋಗು ರೀ ಇಕಿದು. ಅದ ಹೊಲದಾಗ ನನ್ನ ಮಗಾನೂ ಬರಿಗಾಲಾಗ ಅಡ್ಡಾಡ್ತಾನ. ಅವಗೇನ್ ಆಗೇತಿ?”

ಸುಮ್ಮನಿರು ಅಂತ ಅಕ್ಕ ನನ್ನ ಸೆರಗು ಜಗ್ಗಿದಳು. ಅವಳು ಹುಟ್ಟಿದ್ದೇ ಸುಮ್ಮನಿರಲಿಕ್ಕೆ. ನನಗೆ ಆಗುವುದಿಲ್ಲ. ಮರುದಿನ ಹುಡುಗಿಯನ್ನೂ ಅವಳ ಗಂಡನನ್ನೂ ಆಟೋದಲ್ಲಿ ಕೂರಿಸಿಕೊಂಡು ರಾಣೆಬೆನ್ನೂರಿನ ಡಾಕ್ಟರಮ್ಮನ ಹತ್ತಿರ ಹೋದೆ.

ಪರೀಕ್ಷೆಯಲ್ಲಿ ಸಿಕ್ಕಿದ್ದು ಕೊಕ್ಕೆಹುಳು. ಅಂಗಾಲಿನ ಚರ್ಮ ತೂರಿ ಒಳಹೋಗಿ, ಕರುಳಿಗೆ ಕಚ್ಚಿಕೊಂಡು ರಕ್ತ ಹೀರುವ ಜಾತಿ. ಇನ್ನೂ ತಡಮಾಡಿದ್ದರೆ ತಾಯಿ, ಕೂಸು ಇಬ್ಬರಿಗೂ ಗಂಡಾಂತರ ಇತ್ತು ಎಂದರು ಡಾಕ್ಟರು.

“ಗಂಡ ಹೆಂಡ್ತಿ ತುಳದದ್ದು ಒಂದ ಹೊಲ. ಇಕಿಗಷ್ಟ ಯಾಕ್ರಿ?” ಅಂದೆ.

“ಬಸುರಾದಾಗ ಹಾರ್ಮೋನು ಏರಿ ಮೈಯಾಗಿನ ಕಾವಲ, ಅಂದ್ರ ರೋಗ ತಡಿಯೂ ಶಕ್ತಿ, ಬದಲಾಗತೈತ್ರಿ. ಕೂಸಿನ ಮ್ಯಾಲ ಮೈ ತಿರುಗಿ ಬೀಳಬಾರದಲ್ಲ, ಅದಕ್ಕ. ಕೆಲವು ಪರಜೀವಿಗಳಿಗೆ ಅದ ಅನುಕೂಲ. ಮ್ಯಾಲ ಒಬ್ಬಾಕಿ ರಕ್ತ ಇಬ್ಬರಿಗೆ ಬೇಕು. ಹಂಗಂತ ಗಂಡಸರು ಪಾರಾದ್ರು ಅನಬ್ಯಾಡ್ರಿ. ಎಷ್ಟೋ ಪರಜೀವಿ ಅವರಿಗೇ ಜಾಸ್ತಿ ಹತ್ತತಾವ. ಗಂಡಸರ ಹಾರ್ಮೋನೂ ಕಾವಲ ಸಡಿಲ ಮಾಡತೈತಿ. ಇವರನ್ನೂ ಪರೀಕ್ಷೆ ಮಾಡೂಣು.”

ಯಾವುದರ ಬಲದಿಂದ ಮೀಸೆ ತಿರುವುತ್ತಾರೋ ಅದೇ ಹಾರ್ಮೋನು! ನನಗೆ ನಗು ಬಂತು. ಅಳಿಯನಿಗೆ ಬರಲಿಲ್ಲ.

ಅವನ ಹೊಟ್ಟೆಯಲ್ಲೂ ಹುಳು ಇದ್ದವು. ಶೌಚಕ್ಕೆ ಎಲ್ಲಿ ಹೋಗ್ತೀರಿ ಎಂದು ಡಾಕ್ಟರು ಕೇಳಿದರೆ “ಹೊಲಕ್ಕ್ರಿ” ಅಂದ. ಮನೆಯಲ್ಲಿ ಟೈಲ್ಸ್ ಹಾಕಿದ ಟಾಯ್ಲೆಟ್ ಇದೆ. ಅದು ಹೆಂಗಸರಿಗಂತೆ. ಗಂಡಸರಿಗೆ ಹೊಲವೇ ಬೇಕು. (ನಿಮ್ಮ ಊರಿನಲ್ಲೂ ಇಂಥವರಿದ್ದಾರೆ, ಸುಳ್ಳು ಹೇಳಬೇಡಿ.) ಹುಳು ಮಣ್ಣಿಗೆ ಬರುವುದೇ ಹಾಗೆ ಎಂದರು ಡಾಕ್ಟರು. ಚಪ್ಪಲಿ ತಾಗಬಾರದ ಹೊಲಕ್ಕೆ ಇದೆಲ್ಲ ನಡೆಯುತ್ತದೆಯೇ?

ಇಬ್ಬರಿಗೂ ಮಾತ್ರೆ ಕೊಟ್ಟರು. ರೇಣುಕಾಳಿಗೆ ರಕ್ತವನ್ನೂ ಏರಿಸಬೇಕಾಯಿತು. ಆಸ್ಪತ್ರೆಯಿಂದ ಅವಳನ್ನು ನೇರ ಬ್ಯಾಡಗಿಗೆ, ಅಕ್ಕನ ಮನೆಗೆ ಕರೆತಂದೆ.

ಅತ್ತ ಆ ಮನೆಯಲ್ಲಿ ಮಗನಿಗೆ ದಾಳಿಂಬೆ ಬಂತು, ಗಮ್‌ಬೂಟು ಬಂತು. ಬೂಟು ಹಾಕಿಕೊಂಡೇ ಹೊಲದಲ್ಲಿ ತಿರುಗುತ್ತಾನೆ. ಹೊಲ ಬಸುರಿ ಅನ್ನುವ ಮಾತು ಈಗ ಯಾರೂ ಎತ್ತುವುದಿಲ್ಲ. ಕ್ರಾಸಿಂಗ್‌ಗೆ ಬರುವ ಆಳು ಹೆಂಗಸರು ಮಾತ್ರ ಈಗಲೂ ಚಪ್ಪಲಿಯನ್ನು ಬದುವಿನಲ್ಲೇ ಬಿಡಬೇಕಂತೆ. ಕೇಳಿ ನನ್ನ ಮೈ ಉರಿಯಿತು.

ಮೊನ್ನೆ ರೇಣುಕಾಳ ಅತ್ತೆಯ ಫೋನು ಬಂತು. ಅಕ್ಕ ಸ್ಪೀಕರ್ ಹಾಕಿದಳು. ಹುಡುಗಿ ಪಕ್ಕದಲ್ಲೇ ಗೋಡೆಗೆ ಒರಗಿ ಕೂತಿದ್ದಳು.

“ನಮ್ಮ ಮನ್ಯಾಗ ಇಷ್ಟ ವರ್ಷ ಹುಳದ ಹೆಸರ ಇದ್ದಿದ್ದಿಲ್ಲ. ನಿಮ್ಮ ಮಗಳು ತವರಿಂದ ತಂದು ನನ್ನ ಮಗಗ ಹಚ್ಯಾಳ.”

ಫೋನು ಕಸಿಯಲು ಕೈ ಚಾಚಿದೆ. ಬೈಗುಳಗಳೆಲ್ಲ ನಾಲಿಗೆಯ ತುದಿಗೆ ಬಂದಿದ್ದವು. ಅಕ್ಕ ನನ್ನ ಕೈ ತಳ್ಳಿ, ತಲೆ ಮೇಲಿನ ಸೆರಗು ಸರಿಮಾಡಿಕೊಂಡು (ಫೋನಿನಲ್ಲಿ ಯಾರಿಗೆ ಕಾಣಬೇಕು?) ಮಗಳ ಎದುರಿಗೇ ಅಂದಳು:

“ತಪ್ಪಾತ್ರಿ ಬೀಗರ. ಹೆರಿಗಿ ಆಗಿದ್ದ ತಡ, ನಾನ ಕರಕೊಂಡ ಬಂದು ಬಿಡತೇನ್ರಿ.”