ಇಂದೂ ಕಾಕು ಡಿಶ್ ಹಾಕಿಸಿದ್ದು

ಇಂದೂ ಕಾಕು ಯಾರ ಅಪ್ಪಣೆಯನ್ನೂ ಕೇಳಿದವರಲ್ಲ. ಏನು ಮಾಡಬೇಕೋ ಅದನ್ನು ಮೊದಲು ನಿಶ್ಚಯಿಸಿ, ಆಮೇಲೆ ಸಂಬಂಧಪಟ್ಟವರಿಗೆ ತಿಳಿಸುತ್ತಿದ್ದರು. ‘ಸುಮಾ, ಶನಿವಾರ ನಿನಗ ಬ್ಯಾಂಕ್ ಸೂಟಿ ಐತಿ, ನನ್ನ ಕೂಡ ಕೋಠಿಗೆ ಬರ್ತಿ’ ಎಂದು ಮೆಟ್ಟಿಲ ಮೇಲೆ ನಿಂತು ಹೇಳಿದರೆ ಅದರಲ್ಲಿ ಪ್ರಶ್ನೆಯ ಗುರುತೂ ಇರುತ್ತಿರಲಿಲ್ಲ. ಆಳು ನೋಡಿದರೆ ನನ್ನ ಹೆಗಲಿಗೆ ಬರುವಷ್ಟು ಎತ್ತರ, ಕೈಯಲ್ಲಿ ಸದಾ ಒಂದು ಬಟ್ಟೆಯ ಚೀಲ, ಹಣೆಯಲ್ಲಿ ಎಂಟಾಣೆ ಅಗಲದ ಕುಂಕುಮ. ಸರ್ಕಾರಿ ಕಚೇರಿಯೊಂದರಲ್ಲಿ ಸೂಪರಿಂಟೆಂಡೆಂಟ್ ಆಗಿ ನಿವೃತ್ತರಾಗಿದ್ದರು. ಅಲ್ಲಿ ಅವರ ಕೈಕೆಳಗೆ ಇದ್ದವರ ಬಗ್ಗೆ ನನಗೆ ಈಗಲೂ ಕನಿಕರವಿದೆ.

ಕಾಚಿಗೂಡದಲ್ಲಿ ನಮ್ಮದು ಐದು ಅಂತಸ್ತಿನ ಕಟ್ಟಡ. ಎರಡನೆಯದರಲ್ಲಿ ಕಾಕು, ಅವರ ಗಂಡ ಕಾಕಾ, ಮೂರನೆಯದರಲ್ಲಿ ನಾವು. ರಕ್ತಸಂಬಂಧವೇನೂ ಇಲ್ಲ. ನಾನು ಮದುವೆಯಾಗಿ ಧಾರವಾಡದಿಂದ ಬಂದ ಮೊದಲ ವಾರವೇ ಅವರು ನನ್ನ ಅಡಿಗೆಮನೆಗೆ ನುಗ್ಗಿ, ನಾನು ತಂದಿದ್ದ ಹೊಸ ಹಂಚನ್ನು ನೆಲದ ಮೇಲೆ ಬೋರಲು ಹಾಕಿ, ಅಂಚನ್ನು ಒಂದು ಬೆರಳಿನಿಂದ ಒತ್ತಿದರು. ಹಂಚು ಗಡಗಡ ಅಲ್ಲಾಡಿತು. ‘ಸೊಟ್ಟ ಐತಿ. ರೊಟ್ಟಿ ಒಂದ ಕಡೆ ಸೀಯ್ತೈತಿ, ಒಂದ ಕಡೆ ಹಸಿ ಉಳೀತೈತಿ. ನಡಿ, ವಾಪಸ್ ಕೊಟ್ಟು ಬರೂಣು’ ಎಂದರು. ಅಂದಿನಿಂದ ಅವರು ನನಗೆ ಚಿಕ್ಕಮ್ಮ, ನಮ್ಮ ಕಡೆಯ ಮಾತಿನಲ್ಲಿ ಕಾಕು.

ಈ ಊರಿನಲ್ಲಿ ನಮ್ಮವರ ಕನ್ನಡಕ್ಕೂ ಚಪ್ಪಲಿಗೂ ಒಂದು ಒಪ್ಪಂದವಿದೆ. ಚಪ್ಪಲಿ ಮೆಟ್ಟಿದರೆ ತೆಲುಗು, ಇಲ್ಲವೇ ಹಿಂದಿ. ಮನೆಗೆ ಬಂದು ಚಪ್ಪಲಿ ಬಿಟ್ಟರೆ ಕನ್ನಡ. ರಾಯಚೂರಿನ ಕಡೆಯಿಂದ ಬಂದ ಕಾಕು, ಕಾಕಾ ಇಬ್ಬರೂ ನಲವತ್ತು ವರ್ಷ ಈ ಒಪ್ಪಂದ ಪಾಲಿಸಿದ್ದರು. ಕಾಕಾ ಅಂತೂ ಖಜಾನೆ ಇಲಾಖೆಯಲ್ಲಿದ್ದವರು, ಉರ್ದುವಿನಲ್ಲಿ ಜಗಳ ತೆಗೆದು ತೆಲುಗಿನಲ್ಲಿ ಮುಂದುವರಿಸಿ ಇಂಗ್ಲಿಷಿನಲ್ಲಿ ಮುಗಿಸಬಲ್ಲವರು. ಒಂದು ಬೆಳಗ್ಗೆ ಅವರಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು. ಮಾತು ನಿಂತಿತು. ಆಸ್ಪತ್ರೆಯಲ್ಲಿ ಡಾಕ್ಟರು ತೆಲುಗಿನಲ್ಲಿ, ಹಿಂದಿಯಲ್ಲಿ ಏನು ಕೇಳಿದರೂ ಅವರು ಸುಮ್ಮನೆ ಗೋಡೆ ನೋಡುತ್ತಿದ್ದರು. ಕಾಕು ಹತ್ತಿರ ಹೋಗಿ ‘ನೀರು ಬೇಕೇನ್ರಿ?’ ಎಂದಾಗ ಮಾತ್ರ ಕಣ್ಣು ತಿರುಗಿತು. ಉಳಿದ ಭಾಷೆಗಳೆಲ್ಲ ಹೋಗಿ ಕನ್ನಡವೊಂದೇ ಅವರಲ್ಲಿ ಉಳಿದಿತ್ತು.

ಕಿವಿಯ ಮೇಲೆ ಮಾತು ಬೀಳುತ್ತಲೇ ಇರಲಿ, ಬಾಯಿ ತಾನಾಗಿ ತೆರೆದೀತು ಎಂದರು ಡಾಕ್ಟರು. ಕಾಕು ಬೆಳಗಿನಿಂದ ಸಂಜೆಯ ತನಕ ಮಾತಾಡಿದರು. ಹದಿನೈದು ದಿನವಾದ ಮೇಲೆ ನನ್ನ ಹತ್ತಿರ ಬಂದು ಕೂತರು.

‘ನನ್ನ ದನಿ ಒಂದ ಕೇಳಿ ಕೇಳಿ ಅವರಿಗೆ ಸಾಕಾಗೈತಿ. ಮದುವಿ ಆದಾಗಿಂದ ಸಾಕಾಗಿತ್ತು, ಈಗ ಹೇಳಾಕ ಬರವಲ್ತು ಪಾಪ. ಬ್ಯಾರೆ ಕನ್ನಡ ಬೇಕು.’

ಬೇರೆ ಕನ್ನಡ ಎಂದರೆ ಟಿವಿ. ಆದರೆ ಅದೇ ತಿಂಗಳು ಕೇಬಲ್ಲಿನವನು ಕನ್ನಡ ಚಾನೆಲ್‌ಗಳನ್ನೆಲ್ಲ ತೆಗೆದುಬಿಟ್ಟಿದ್ದ. ಕಾಕು ಕೆಳಗಿಳಿದು ಕೇಳಿದ್ದಕ್ಕೆ, ಇಡೀ ಕಟ್ಟಡದಲ್ಲಿ ನೋಡುವುದು ಎರಡೇ ಮನೆ ಅಂದ. ‘ಎರಡ ಮನಿ ಅಂದ್ರ ಮನಿ ಅಲ್ಲೇನು?’ ಎಂದು ಕಾಕು ನನ್ನನ್ನು ಕೇಳಿದರು, ಅವನೇ ನಾನು ಎಂಬಂತೆ. ಅವನು ನಮ್ಮ ಅಸೋಸಿಯೇಶನ್ ಸೆಕ್ರೆಟರಿಯ ಭಾವಮೈದುನ. ಬೇರೆ ಕೇಬಲ್ಲಿನವನು ನಮ್ಮ ಗೇಟು ದಾಟುವಂತೆಯೇ ಇರಲಿಲ್ಲ.

ಮೊಬೈಲಿನಲ್ಲೇ ಬರುತ್ತದಲ್ಲ ಕಾಕು, ಎಂದೆ. ‘ಫೋನ್ ಹಿಡಿಯಾಕ ಅವರಿಗೆ ಕೈ ಎಲ್ಲೈತಿ? ಅದೂ ಅಲ್ದ, ಟಿವಿ ತಾನ ಮಾತಾಡ್ತೈತಿ. ಫೋನಿಗೆ ಪ್ರತಿ ಸಲ ಮಾತಾಡು ಅನ್ನಬೇಕು.’ ರಾಯಚೂರಿನಲ್ಲಿರುವ ಅವರ ತಮ್ಮ ಹೊಲದ ಮನೆಯಲ್ಲಿ ಒಂದು ಸಣ್ಣ ಡಿಶ್ ಹಾಕಿಸಿದ್ದನಂತೆ. ಒಮ್ಮೆ ಸಾಮಾನು ಕೊಂಡರಾಯಿತು, ತಿಂಗಳ ಬಾಡಿಗೆಯ ಮಾತಿಲ್ಲ, ಸರ್ಕಾರಿ ಕನ್ನಡ ಚಾನೆಲ್ ಪುಕ್ಕಟೆ ಬರುತ್ತದೆ ಎಂದಿದ್ದ. ಕೋಠಿಯ ಪ್ರಯಾಣ ನಿಶ್ಚಯವಾದದ್ದು ಹೀಗೆ.

ಕೋಠಿಯ ಗುಜರಾತಿ ಗಲ್ಲಿಯಲ್ಲಿ ವೈರು, ಬಲ್ಬು, ರಿಮೋಟುಗಳ ಅಂಗಡಿಗಳು ಒಂದಕ್ಕೊಂದು ಅಂಟಿಕೊಂಡಿವೆ. ಒಂದು ಅಂಗಡಿಯವನು ನಮ್ಮನ್ನು ನೋಡಿದವನೇ ಆಳುದ್ದದ ಜಾಲರಿಯ ಡಿಶ್ ತೋರಿಸಿದ. ಇದು ಬೇರೆ ಉಪಗ್ರಹದ್ದು, ಚಾನೆಲ್ ಜಾಸ್ತಿ, ದೇಶದೇಶದ್ದೆಲ್ಲ ಸಿಗುತ್ತದೆ ಅಂದ. ನನಗೂ ಆಸೆಯಾಯಿತು. ಕಾಕು ಅದರತ್ತ ತಿರುಗಿಯೂ ನೋಡಲಿಲ್ಲ. ‘ನನಗ ಬೇಕಾಗಿದ್ದು ಒಂದು. ಅದಕ್ಕ ಎಷ್ಟು ಬೇಕೋ ಅಷ್ಟು ಕೊಡು’ ಎಂದು ಹಿಂದಿಯಲ್ಲಿ ಹೇಳಿ, ಸಣ್ಣ ತಗಡಿನ ಡಿಶ್ ತರಿಸಿದರು. ಮೊದಲನೆಯದನ್ನು ಅಂಗಡಿಯ ಕಲ್ಲುನೆಲದ ಮೇಲೆ ಬೋರಲು ಹಾಕಿ ಅಂಚನ್ನು ಬೆರಳಿನಿಂದ ಒತ್ತಿದರು. ಅಲ್ಲಾಡಿತು. ಎರಡನೆಯದೂ ಅಲ್ಲಾಡಿತು. ಮೂರನೆಯದು ಗಟ್ಟಿಯಾಗಿ ಕೂತಿತು. ಇದು ಡಿಶ್, ರೊಟ್ಟಿ ಹಂಚಲ್ಲ ಎಂದು ನಾನು ಪಿಸುಗುಟ್ಟಿದೆ. ಅಂಗಡಿಯವನೇ ತಲೆಯಾಡಿಸಿ, ಸೊಟ್ಟ ಡಿಶ್ಶಿನಲ್ಲಿ ಸಿಗ್ನಲ್ ಒಂದೆಡೆ ಕೂಡುವುದಿಲ್ಲ, ಅಮ್ಮ ಸರಿಯಾಗಿಯೇ ನೋಡಿದರು ಎಂದ. ಕಾಕು ನನ್ನ ಕಡೆ ನೋಡದೆ ಇರುವ ದೊಡ್ಡತನ ತೋರಿಸಿದರು.

ಡಿಶ್ಶಿನ ಮುಂದೆ ಕೋಲಿನ ತುದಿಗೆ ಕೂರಿಸುವ, ಸಿಗ್ನಲ್ ಹಿಡಿಯುವ ಡಬ್ಬಿಯಲ್ಲಿ ಎರಡು ಬಾಯಿಯದು ಒಳ್ಳೆಯದು ಎಂದ ಅವನು. ‘ಮನ್ಯಾಗ ಟಿವಿ ಒಂದ. ಎರಡ ಬಾಯಿ ಯಾಕ? ಈಗಿರೋ ಒಂದ ಬಾಯಿ ತೆರೆಸೂದ ಭಾರಿ ಆಗೈತಿ.’ ಸೆಟ್‌ಟಾಪ್ ಬಾಕ್ಸ್ ಆರಿಸಿದ ರೀತಿಯಂತೂ ನಾನು ಎಲ್ಲೂ ಕಂಡಿಲ್ಲ. ಬಾಕ್ಸುಗಳನ್ನು ಅತ್ತ ಸರಿಸಿ, ಬರೀ ರಿಮೋಟುಗಳನ್ನು ಸಾಲಾಗಿ ಇಡಿಸಿದರು. ಒಂದೊಂದನ್ನೂ ಎಡಗೈಯಲ್ಲಿ ಹಿಡಿದು, ಕಣ್ಣು ಮುಚ್ಚಿ, ಹೆಬ್ಬೆರಳಿನಿಂದ ಗುಂಡಿ ತಡವಿ ನೋಡಿದರು. ಅಂಗಡಿಯ ಹುಡುಗರು ನಕ್ಕರು. ಕಾಕು ನಗಲಿಲ್ಲ. ಕಾಕಾರಿಗೆ ಉಳಿದಿದ್ದದ್ದು ಎಡಗೈ ಎಂಬುದು ನೆನಪಾಗಿ ನಾನೂ ನಗಲಿಲ್ಲ. ದಪ್ಪ ಗುಂಡಿಗಳ ಒಂದು ಒಡ್ಡೊಡ್ಡಾದ ರಿಮೋಟು ಗೆದ್ದಿತು. ಅದರ ಜೊತೆಗಿದ್ದ ಬಾಕ್ಸು ಮನೆಗೆ ಬಂತು. ವೈರಿನ ಅಳತೆಯನ್ನು ಕಾಕು ಮುಂಚೆಯೇ ಮಾಡಿದ್ದರು. ತಾರಸಿಯಿಂದ ತಮ್ಮ ಕಿಟಕಿಗೆ ಸೀರೆಗೆ ಸೀರೆ ಗಂಟು ಹಾಕಿ ಇಳಿಬಿಟ್ಟು, ಬಂದ ಉದ್ದಕ್ಕೆ ಒಂದು ಸೆರಗಿನಷ್ಟು ಹೆಚ್ಚಿಗೆ ವೈರು ಕತ್ತರಿಸಿಕೊಂಡರು.

ಡಿಶ್ ಕೂರಿಸುವವನನ್ನು ಕರೆಸಲು ಕಾಕು ಒಪ್ಪಲಿಲ್ಲ. ಬಂದವನು ಕೇಬಲ್ಲಿನವನ ದೋಸ್ತ ಆಗಿದ್ದರೆ ಎಂಬ ಗುಮಾನಿ. ಭಾನುವಾರ ಮಧ್ಯಾಹ್ನ ಕಾಕು ತಾರಸಿಯ ಮೇಲೆ, ಕೆಟ್ಟುಹೋದ ಕೂಲರಿನ ಕಬ್ಬಿಣದ ಸ್ಟ್ಯಾಂಡಿಗೆ ಡಿಶ್ ಬಿಗಿದು ನಿಂತರು. ನಾನು ಕೆಳಗೆ ಕಾಕಾರ ಪಕ್ಕದಲ್ಲಿ ಟಿವಿ ಮುಂದೆ, ಕಿವಿಯಲ್ಲಿ ಫೋನು. ಅವರು ಒಂದಿಷ್ಟು ತಿರುಗಿಸಿ ‘ಬಂತೇನು?’ ಎನ್ನುವುದು, ನಾನು ಇಲ್ಲ ಎನ್ನುವುದು. ಒಂದು ತಾಸು ಹೀಗೇ ನಡೆಯಿತು. ಕಡೆಗೆ ಮೇಲೆ ಹೋಗಿ ನೋಡಿದರೆ ಡಿಶ್ಶಿನ ಮೋರೆ ನೇರ ನೈಋತ್ಯಕ್ಕಿತ್ತು.

‘ಅತ್ತ ಯಾಕಿಟ್ಟೀರಿ ಕಾಕು?’

‘ಮತ್ತ? ರಾಯಚೂರ ಆ ಕಡೆ ಐತಿ. ಕನ್ನಡ ಅತ್ತಿಂದನ ಬರಬೇಕಲ್ಲ?’

ಈ ಊರಿನ ನಮ್ಮವರು ಮಾತ್ರ ಮಾಡಬಹುದಾದ ತಪ್ಪಿದು. ಹಬ್ಬದ ಸಾಮಾನು, ಹೆಣ್ಣು ಗಂಡು, ಸಾವಿನ ಸುದ್ದಿ ಎಲ್ಲವೂ ಅತ್ತಲಿಂದಲೇ ಬಂದು ಅಭ್ಯಾಸ. ನಗು ತಡೆದುಕೊಂಡು ಅಂಗಡಿಯವನಿಗೆ ಫೋನು ಮಾಡಿದೆ. ‘ಅಮ್ಮಾ, ಸ್ಯಾಟಲೈಟ್ ಆಸ್ಮಾನ್ ಮೇ ಹೈ, ರಾಯಚೂರ್ ಮೇ ನಹೀ’ ಎಂದವನೇ, ಆಗ್ನೇಯಕ್ಕೆ ತಿರುಗಿಸಿ ಮೋರೆ ಚೆನ್ನಾಗಿ ಮೇಲೆತ್ತಿ ಎಂದ. ಕಾಕು ಒಲ್ಲದ ಮನಸ್ಸಿನಿಂದ ಊರಿನ ದಿಕ್ಕು ಬಿಟ್ಟರು.

ನಾನು ಕೆಳಗೆ ಬಂದು ಕೂತ ಸ್ವಲ್ಪ ಹೊತ್ತಿಗೆ ತೆರೆಯ ಮೇಲಿನ ಸಿಗ್ನಲ್ ಪಟ್ಟಿ ಏರಿತು. ನಾನು ಚಾನೆಲ್ ಹುಡುಕಿ ಹಚ್ಚಿದೆ. ಮನೆ ತುಂಬ ಕನ್ನಡ. ವಾರ್ತೆ ಓದುವವಳು ಯಾವುದೋ ರಸ್ತೆಯ ಕೆಲಸ ಭರದಿಂದ ಸಾಗಿದೆ ಎನ್ನುತ್ತಿದ್ದಳು. ಕಾಕಾ ದಿಂಬಿನಿಂದ ತಲೆ ಎತ್ತಿದರು. ತುಟಿ ಒಂದು ಕಡೆ ವಾಲಿತು, ಗಂಟಲು ಕದಲಿತು.

‘ಸುಳ್ಳು’ ಎಂದರು.

‘ಏನಂದ್ರು?’ ಫೋನಿನಲ್ಲಿ ಕಾಕು.

‘ಸುಳ್ಳು ಅಂದ್ರು ಕಾಕು.’

ಆ ಕಡೆ ನಟ್ಟು ಬಿಗಿಯುವ ಪಾನಾ ಕೆಳಗೆ ಬಿದ್ದ ಸದ್ದು. ಆಮೇಲೆ, ‘ನಾ ಇಳದ ಬರ್ತೀನಿ. ಮತ್ತೊಮ್ಮಿ ಅನಸು’ ಎಂದರು. ದನಿ ಒಡೆದಿತ್ತು. ಕಾಕು ಅತ್ತದ್ದನ್ನು ನಾನು ಕೇಳಿದ್ದು ಅದೊಂದೇ ಸಲ, ಅದೂ ಫೋನಿನಲ್ಲಿ.

ಮರುದಿನ ಸೆಕ್ರೆಟರಿ ಬಂದ. ತಾರಸಿ ಎಲ್ಲರದು, ಯಾರ ಸ್ವಂತ ವಸ್ತುವನ್ನೂ ಇಡುವಂತಿಲ್ಲ, ಮೊಳೆ ಹೊಡೆದರೆ ಸೋರುತ್ತದೆ, ತೆಗೆಯಿರಿ ಎಂದು ತೆಲುಗಿನಲ್ಲಿ ಮೃದುವಾಗಿಯೇ ಹೇಳಿದ. ಕಾಕು ಅವನ ತೆಲುಗಿಗಿಂತ ಚೆಲುವಾದ ತೆಲುಗು ಬಲ್ಲವರು. ಆದರೆ ಅಂದು ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟಿಕೊಂಡು ನಿಂತು ಕನ್ನಡದಲ್ಲಿ ಶುರು ಮಾಡಿದರು.

‘ಇವತ್ತಿಂದ ಈ ಬಿಲ್ಡಿಂಗ್‌ನ್ಯಾಗ ನಾ ಕನ್ನಡಾನ ಮಾತಾಡಾಕಿ. ನಿನಗ ತಿಳೀಲಿಲ್ಲಂದ್ರ ಈಕಿ ಹೇಳ್ತಾಳ.’

ಈಕಿ ಎಂದರೆ ನಾನು. ‘ಮೊಳೆ ಒಂದೂ ಹೊಡದಿಲ್ಲ. ತಾರಸಿ ಎಲ್ಲಾರದು ಅಂದ್ರ ನಂದೂ ಐತಿ. ನಿನ್ನ ಭಾವಮೈದುನನ ವೈರಿನ ಜಂಜಾಟ ಅಲ್ಲೇ ಬಿದ್ದೈತಿ. ಮೊದಲ ಅದನ್ನ ತಗೀಲಿ, ಆಮ್ಯಾಲ ನಂದು.’ ನಾನು ಹಲ್ಲು ಕಿರಿಯುತ್ತ, ಆಂಟಿ ಸ್ವಲ್ಪ ಸಮಯ ಕೇಳುತ್ತಿದ್ದಾರೆ ಎಂದು ತೆಲುಗಿನಲ್ಲಿ ಸೆಕ್ರೆಟರಿಗೆ ಹೇಳಿದೆ. ಕಾಕು ನನ್ನ ರಟ್ಟೆ ಹಿಡಿದರು.

‘ನಾ ಹಂಗ ಅಂದಿಲ್ಲ. ನಾ ಅಂದಂಗ ಹೇಳು.’

ಹೇಳಿದೆ. ಅವನು ಕಿವಿ ಕೆಂಪಾಗಿ ಕೆಳಗಿಳಿದ. ನಾಲ್ಕು ದಿನದ ಮೇಲೆ ಡಿಶ್ ಸ್ಟ್ಯಾಂಡಿನಿಂದ ಕಳಚಿ ಗೋಡೆಯ ಬುಡದಲ್ಲಿ ಬಿದ್ದಿತ್ತು. ಕೆಳಗೆ ಕಾಕಾ ಕಪ್ಪು ತೆರೆಯತ್ತ ಎಡಗೈಯಿಂದ ರಿಮೋಟು ಒತ್ತಿಯೇ ಒತ್ತುತ್ತಿದ್ದರು. ನನಗೆ ಮೈಯೆಲ್ಲ ಉರಿಯಿತು. ಗಾಳಿಗೆ ಬಿದ್ದಿರಬೇಕು ಎಂದ ಸೆಕ್ರೆಟರಿ. ‘ಗಾಳಿ ಪಾನಾ ತಗೊಂಡ ಬಂದಿತ್ತೇನು, ನಟ್ ಬಿಚ್ಚಾಕ?’ ಎಂದರು ಕಾಕು. ಇದನ್ನು ನಾನು ಒಂದಕ್ಷರ ಬಿಡದೆ ಅನುವಾದಿಸಿದೆ, ಪಾನಾ ತಿರುಗಿಸುವ ಅಭಿನಯವನ್ನೂ ಸೇರಿಸಿ.

ಸಂಜೆಯೊಳಗೆ ಒಬ್ಬ ಗೌಂಡಿ ಬಂದ. ದೊಡ್ಡ ಪೇಂಟ್ ಡಬ್ಬಿಯೊಂದರಲ್ಲಿ ಕಬ್ಬಿಣದ ಕೊಳವೆ ನಿಲ್ಲಿಸಿ, ಸುತ್ತ ಸಿಮೆಂಟು ಕಾಂಕ್ರೀಟು ತುಂಬಿ, ಒಣಗಿದ ಮೇಲೆ ಡಿಶ್ ಕೂರಿಸಿ, ನಟ್ಟುಗಳ ಮೇಲೂ ಸಿಮೆಂಟು ಮೆತ್ತಿದ. ಅದು ಆರುವ ತನಕ ಕಾಕು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಪಕ್ಕದಲ್ಲಿ ಕೂತರು. ಬಟ್ಟೆ ಒಣಹಾಕಲು ಬಂದವರಿಗೆಲ್ಲ ಕನ್ನಡದಲ್ಲೇ ಕ್ಷೇಮಸಮಾಚಾರ ಕೇಳಿದರು. ನಾಲ್ಕನೆಯ ಅಂತಸ್ತಿನ ತೆಲುಗು ಅಜ್ಜಿಯೊಬ್ಬರು ‘ಬಾಗುಂದಮ್ಮಾ’ ಎಂದು ಡಿಶ್ಶನ್ನು ತಟ್ಟಿ ಮೆಚ್ಚಿಕೊಂಡು ಹೋದರು.

ಆಮೇಲೆ ಅದನ್ನು ಯಾರೂ ಮುಟ್ಟಲಿಲ್ಲ. ಕಾಕಾ ಎರಡು ವರ್ಷ ಬದುಕಿದರು. ಮಾತು ಪೂರ್ತಿ ಬರಲಿಲ್ಲ, ಆದರೆ ವಾರ್ತೆಯ ಜೊತೆ ಜಗಳವಾಡುವಷ್ಟು ಬಂತು. ಅವರು ತೀರಿಕೊಂಡ ಹದಿಮೂರನೆಯ ದಿನದ ಊಟಕ್ಕೆ ಸೆಕ್ರೆಟರಿಯೂ ಬಂದಿದ್ದ. ಕೈ ತೊಳೆದು ಹೊರಡುವಾಗ, ಪಾಪ, ಅಂಕಲ್‌ಗಾಗಿ ಹಾಕಿಸಿದ್ದಿರಿ, ಇನ್ನು ಡಿಶ್ ತೆಗೆಸಬಹುದಲ್ಲ ಎಂದ. ನಾನು ಅನುವಾದಕ್ಕೆ ಸಿದ್ಧಳಾಗಿ ಹತ್ತಿರ ಹೋದೆ. ಕಾಕು ಕೈ ಅಡ್ಡ ಹಿಡಿದು ನನ್ನನ್ನು ತಡೆದರು.

‘ನೇನು ಇಂಕಾ ಉನ್ನಾನು’ ಎಂದರು. ನಾನು ಇನ್ನೂ ಇದ್ದೇನೆ. ಎರಡು ವರ್ಷದಲ್ಲಿ ಅವನೊಂದಿಗೆ ಅವರಾಡಿದ ತೆಲುಗು ಅಷ್ಟೇ.

ಮುಂದಿನ ಬೇಸಿಗೆಯಲ್ಲಿ ತಮ್ಮ ಒತ್ತಾಯ ಮಾಡಿದ್ದಕ್ಕೆ ರಾಯಚೂರಿಗೆ ಹೊರಟರು. ಕಾಚಿಗೂಡ ಸ್ಟೇಷನ್ನಿಗೆ ನಾನೇ ಕರೆದುಕೊಂಡು ಹೋದೆ. ಅಲ್ಲೇ ಇದ್ದುಬಿಡಿ ಕಾಕು, ಅಲ್ಲಿ ಎಲ್ಲರೂ ಕನ್ನಡವೇ ಅಲ್ಲವೇ ಎಂದು ಬಾಯಿಮಾತಿಗೆ ಅಂದೆ.

‘ಅಲ್ಲಿ ಕನ್ನಡಕ್ಕ ನನ್ನ ಹಂಗಿಲ್ಲ. ನನಗ ಬೇಕಾಗಿದ್ದು ನಾ ಇರೋ ಮನ್ಯಾಗ’ ಎಂದು ಮನೆಯ ಕೀಲಿ ನನ್ನ ಕೈಯಲ್ಲಿಟ್ಟರು. ‘ದಿನಾ ಸಂಜಿಕೆ ಹೋಗಿ ಟಿವಿ ಹಚ್ಚು. ಯಾರೂ ನೋಡಂಗಿಲ್ಲ ಅಂತ ತಿಳದ್ರ ತಗದ ಬಿಡ್ತಾರ.’

ರೈಲು ಹೊರಟಿತು. ಕಾಕು ಕಿಟಕಿಯಿಂದ ಕೈ ಬೀಸಲಿಲ್ಲ. ಹೊಳ್ಳಿ ಬರುವವರು ಕೈ ಬೀಸಬಾರದು ಎಂಬುದು ಅವರ ನಂಬಿಕೆ. ನಾನು ಅವರನ್ನು ನೋಡಿದ್ದು ಅದೇ ಕೊನೆ.

ಅವರ ತಮ್ಮ ಫೋನು ಮಾಡಿ, ಅಕ್ಕ ನಿದ್ದೆಯಲ್ಲೇ ಹೋದಳು ಎಂದಾಗ ನಾನು ಅವರ ಮನೆಯಲ್ಲೇ ಇದ್ದೆ. ಸಂಜೆಯ ವಾರ್ತೆ ನಡೆದಿತ್ತು. ಅಳುವ ಮೊದಲು ಟಿವಿ ಆರಿಸೋಣವೆಂದು ರಿಮೋಟು ಎತ್ತಿಕೊಂಡೆ. ಕೈ ಬರಲಿಲ್ಲ. ಅಷ್ಟರಲ್ಲಿ ಮೆಟ್ಟಿಲಲ್ಲಿ ಹೋಗುತ್ತಿದ್ದ ಸೆಕ್ರೆಟರಿ ಬಾಗಿಲಲ್ಲಿ ಇಣುಕಿ, ಆಂಟಿ ಬಂದರೇ ಎಂದು ಕೇಳಿದ. ನಾನು ಸದ್ದು ಏರಿಸಿದೆ, ಐದೂ ಅಂತಸ್ತಿಗೆ ಕೇಳುವಷ್ಟು.