ಮದುಮಗಳಿಗೆ ಹೇಳದೆ ಉಳಿಸಿಕೊಂಡ ಮಾತು

ಸುಧಾ, ನಿಮ್ಮ ಮದುವೆಯ ದಿನ ಮೌನವಾಗಿದ್ದದ್ದು ವೀರಭದ್ರನಲ್ಲ. ಬಾಯಿ ಮುಚ್ಚಿಕೊಂಡು ನಿಂತವಳು ನಾನು — ಬೇಕೆಂದೇ.

ನೀವು ನನ್ನನ್ನು ಬೀರೂರಿನ ವೀರಗಾಸೆ ತಂಡದ ಹುಡುಗಿಯೆಂದಷ್ಟೇ ಬಲ್ಲಿರಿ. ನಿಮ್ಮ ಗಂಡನಿಗೆ ಮೊದಲು ನಿಶ್ಚಯವಾಗಿದ್ದವಳೂ ನಾನೇ. ಲಗ್ನಪತ್ರಿಕೆ ಅಚ್ಚಾದ ಮೇಲೆ ಅವರೇ ಫೋನಿನಲ್ಲಿ ‘ಬೇಡ’ ಅಂದರು, ಕಾರಣ ಹೇಳಲಿಲ್ಲ. ಆ ವಾರಗಳ ನನ್ನ ಡೈರಿಯಲ್ಲಿ ತಾರೀಖುಗಳಿವೆ, ಮತ್ತೇನೂ ಇಲ್ಲ. ಪಕ್ಕದ ಬೀದಿಯ ನಾಗಮ್ಮ ಹೆಣ್ಣುಮಕ್ಕಳಿಗೆ ವೀರಗಾಸೆ ಕಲಿಸುವವರು. ಒಂದು ಸಂಜೆ ಬಂದು ನನ್ನ ಕೈ ಹಿಡಿದು ಎಬ್ಬಿಸಿದರು.

“ಅಳೋದಾದ್ರೆ ಕುಣೀತಾ ಅಳು ಕಣೇ. ತಾಳ ಮಾತ್ರ ತಪ್ಪಬಾರ್ದು.”

ಮೊದಮೊದಲು ತಪ್ಪಿತು. ಆದರೆ ಕರಡೆ ವಾದ್ಯದ ಪೆಟ್ಟಿಗೆ ಪಾದ ಹೊಂದಿಸುವಾಗ ಬೇರೆ ನೆನಪಿಗೆ ಜಾಗವೇ ಇರುತ್ತಿರಲಿಲ್ಲ. ನಿದ್ದೆ ಬಂತು, ಅನ್ನ ಸೇರಿತು. ಒಡಪು — ವೀರಭದ್ರನ ಸಿಟ್ಟಿನ ಕಥೆಯನ್ನು ಕೂಗಿ ಹೇಳುವ ಆ ಭಾಗ — ನನ್ನ ಪಾಲಿಗೆ ಬಂತು. ಕಡೂರಿನಲ್ಲಿ, ಅಜ್ಜಂಪುರದಲ್ಲಿ ಜನ ಕೆಲಸ ಬಿಟ್ಟು ನಿಂತು ಕೇಳಿದರು. ಆ ಹೆಮ್ಮೆಯನ್ನು ಇವತ್ತೂ ಮುಚ್ಚಿಡಲಾರೆ.

ತರೀಕೆರೆಯ ನಿಮ್ಮ ಮದುವೆಗೆ ತಂಡವನ್ನು ಕರೆದಾಗ, ವರ ಯಾರೆಂದು ನನಗೊಬ್ಬಳಿಗೇ ಗೊತ್ತಿತ್ತು. ನಾಗಮ್ಮನಿಗೆ ಹೇಳಿದ್ದರೆ ನನ್ನನ್ನು ಬಿಟ್ಟು ಹೋಗುತ್ತಿದ್ದರು. “ಸಿಟ್ಟು ಇಟ್ಕಂಡು ವೇಷ ಕಟ್ಬ್ಯಾಡ” ಅನ್ನುವುದು ಅವರ ಕಟ್ಟಳೆ. ಹೇಳಲಿಲ್ಲ.

ವಿಭೂತಿ ಬಳಿದ ಮುಖದಲ್ಲಿ ನಿಮ್ಮ ಗಂಡ ನನ್ನನ್ನು ಗುರುತಿಸಲಿಲ್ಲ, ದನಿಯಲ್ಲಿ ಗುರುತಿಸಿದರು. ತಲೆ ತಗ್ಗಿಸಿದರು. ನಾನು ಅಷ್ಟು ಚೆನ್ನಾಗಿ ಎಂದೂ ಕುಣಿದಿರಲಿಲ್ಲ. ಕುಣಿತ ಮುಗಿದ ಮೇಲೆ ವಾಡಿಕೆಯಂತೆ ನೀವಿಬ್ಬರೂ ಕಾಲಿಗೆ ಬಿದ್ದಿರಿ. ವೇಷದಲ್ಲಿದ್ದವರು ಹಣೆಗೆ ವಿಭೂತಿ ಇಟ್ಟು “ಒಳ್ಳೇದಾಗ್ಲಿ” ಅನ್ನಬೇಕು. ನೀವು ತಲೆಯೆತ್ತಿ ಕಾದಿರಿ. ದೇವರಿಗೆ ಬಂದ ನಮಸ್ಕಾರವನ್ನು ನಾನೇ ಇಟ್ಟುಕೊಂಡೆ. ಅವರು ನನ್ನ ಕಾಲಡಿಯಲ್ಲಿದ್ದರು — ಅಷ್ಟೇ ಕಂಡಿತು. ನೀವು ಕಾಣಲಿಲ್ಲ.

“ದೇವ್ರು ಬಾಯೇ ಬಿಡ್ಲಿಲ್ವಲ್ಲೇ,” ಎಂದರು ವರನ ಕಡೆಯ ಮುದುಕಿಯೊಬ್ಬರು. “ಹುಡ್ಗಿ ಕಾಲ್ಗುಣ ಎಂಗೈತೋ.”

ನಿಮ್ಮ ಕಣ್ಣು ತುಂಬಿತು. ಆಗಲಾದರೂ ಆ ಒಂದು ಮಾತು —

ಹೋದ ವಾರ ನಿಮ್ಮ ತಾಯಿ ನಾಗಮ್ಮನ ಮನೆಗೆ ಬಂದಿದ್ದರು, ಏನು ಶಾಂತಿ ಮಾಡಿಸಬೇಕೆಂದು ಕೇಳಲು. ನಿಮ್ಮ ಅತ್ತೆಮನೆಯಲ್ಲಿ ಹಾಲು ಒಡೆದರೂ ತಪ್ಪು ನಿಮ್ಮ ಮೇಲೆಯೇ ಬರುತ್ತದಂತೆ. ಎಲ್ಲ ತಿಳಿದ ನಿಮ್ಮ ಗಂಡ ಸುಮ್ಮನಿದ್ದಾರೆ. ಅದನ್ನು ದೂರಲು ನನಗೆ ಬಾಯಿಲ್ಲ.

ನಿನ್ನೆ ನಾಗಮ್ಮನಿಗೆ ಎಲ್ಲ ಹೇಳಿದೆ.

“ಕುಣಿತ ನಿಂದು. ನಮಸ್ಕಾರ ನಿಂದಲ್ಲ ಕಣೇ,” ಎಂದರು. “ಆ ಹುಡ್ಗಿ ಮನೇಲಿ ಹೋಗಿ ಹೇಳ್ಬಾ. ಅಲ್ಲೀಗಂಟ ಗೆಜ್ಜೆ ಮುಟ್ಬ್ಯಾಡ.”

ಸೋಮವಾರ ಬರುತ್ತೇನೆ, ಸುಧಾ. ನಿಮ್ಮ ಅತ್ತೆಮನೆಯವರೆಲ್ಲರ ಮುಂದೆ, ನನ್ನದೇ ಹೆಸರಿನಲ್ಲಿ ಇದನ್ನು ಹೇಳುತ್ತೇನೆ. ಒಳಗೆ ಬಿಡದಿದ್ದರೆ ಬೀದಿಯಲ್ಲಿ ನಿಲ್ಲುತ್ತೇನೆ. ಇಡೀ ಬೀದಿಗೆ ಕೇಳುವ ಹಾಗೆ ಹೇಳುವುದು ನನಗೆ ಗೊತ್ತು.